ಬೆಳಕು ಹಿಡಿಯುವ ಕೆಲಸ

ಎನ್‌ಐಟಿ ಎಂದರೆ ಕರ್ನಾಟಕದವರಿಗೆ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ನೆನಪಾಗುತ್ತದೆ. ಫರೀದಾಬಾದ್‌ನಲ್ಲಿ ಅದು ಅರ್ಧ ಊರಿನ ಹೆಸರು. ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್ ಎಂಬುದನ್ನು ಆಟೋದವರೂ ಅಂಗಡಿಯವರೂ ಎನ್‌ಐಟಿ ಎಂದೇ ಕರೆಯುತ್ತಾರೆ. ದೇಶ ವಿಭಜನೆಯಾದಾಗ ವಾಯವ್ಯ ಗಡಿ ಪ್ರಾಂತ್ಯದ ಬನ್ನೂ, ಕೋಹಾಟ್, ಡೇರಾ ಇಸ್ಮಾಯಿಲ್ ಖಾನ್, ಪೇಶಾವರಗಳಿಂದ ಬಂದ ನಿರಾಶ್ರಿತರಿಗಾಗಿ 1949ರಲ್ಲಿ ಕಟ್ಟಲು ತೊಡಗಿದ ಊರು ಇದು. ಇದರ ಹಿಂದೆ ನಿಂತವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಅವರು 1948ರಲ್ಲಿ ಸ್ಥಾಪಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಕಾರ್ಯಕರ್ತರು ಡೇರೆಗಳ ನಡುವೆ ಓಡಾಡಿ ಸಹಕಾರ ಸಂಘಗಳನ್ನು ಕಟ್ಟಿದರು. ಗುತ್ತಿಗೆದಾರರನ್ನು ಕರೆಸಿ ಮನೆ ಕಟ್ಟಿಸಿಕೊಡುವುದರ ಬದಲು ನಿರಾಶ್ರಿತರೇ ಕೂಲಿ ಪಡೆದು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಳ್ಳಲಿ ಎಂಬುದು ಅವರ ವಾದವಾಗಿತ್ತು. ಗಾರೆ ಕೆಲಸ ಒಮ್ಮೆಯೂ ಮಾಡದ ವರ್ತಕರು, ಗುಮಾಸ್ತರು ಇಟ್ಟಿಗೆ ಹೊತ್ತರು.

ಮನೆಗಳೆದ್ದ ಮೇಲೆ ಕರೆಂಟು ಬೇಕಾಯಿತು. ಯುದ್ಧ ಪರಿಹಾರವೆಂದು ಜರ್ಮನಿಯಿಂದ ಬಂದ ವಿದ್ಯುತ್ ಸ್ಥಾವರವೊಂದು ಕಲ್ಕತ್ತೆಯಲ್ಲಿ ಬಿಡಿಭಾಗಗಳಾಗಿ ಬಿದ್ದಿತ್ತು. ಊರಿನ ಆಡಳಿತ ಹೊತ್ತಿದ್ದ ಸುಧೀರ್ ಘೋಷ್ ಮತ್ತು ಸಂಗಡಿಗರು ಅದನ್ನು ಫರೀದಾಬಾದಿಗೆ ತರಿಸಿದರು. ನಿರಾಶ್ರಿತ ಯುವಕರ ಕೈಯಿಂದಲೇ ಜೋಡಣೆಯಾಯಿತು. ಸಹಕಾರದ ಕನಸು ಹೆಚ್ಚು ಕಾಲ ಬಾಳಲಿಲ್ಲ, ಆ ಕತೆ ಬೇರೆ. ಆದರೆ ಕರೆಂಟು ಉಳಿಯಿತು, ಕರೆಂಟಿನ ಹಿಂದೆ ಕಾರ್ಖಾನೆಗಳು ಬಂದವು. ಎಸ್ಕಾರ್ಟ್ಸ್ ಟ್ರ್ಯಾಕ್ಟರ್, ಬಾಟಾ ಚಪ್ಪಲಿ, ಬಲ್ಲಭಗಢದ ಗುಡ್‌ಇಯರ್ ಟೈರು, ಇವುಗಳ ಸುತ್ತ ನಟ್ಟು ಬೋಲ್ಟು ಗಿಯರು ಬುಷ್ಷು ತಯಾರಿಸುವ ಸಣ್ಣ ಶೆಡ್ಡುಗಳ ಸಾಲು ಹುಟ್ಟಿಕೊಂಡಿತು.

ಈಗ ಆ ಶೆಡ್ಡುಗಳಿಗೆ ಫೋಟೋ ಬೇಕು. ಆನ್‌ಲೈನ್ ಮಾರಾಟಕ್ಕೆ, ವಾಟ್ಸಾಪಿನಲ್ಲಿ ಕಳಿಸುವ ಕ್ಯಾಟಲಾಗಿಗೆ, ಪ್ರದರ್ಶನದ ಫ್ಲೆಕ್ಸಿಗೆ ಫೋಟೋ ಇಲ್ಲದೆ ನಡೆಯುವುದಿಲ್ಲ. ಸೂರಜ್‌ಕುಂಡದಲ್ಲಿ 1987ರಿಂದ ನಡೆಯುವ ಕರಕುಶಲ ಮೇಳಕ್ಕೆ ಬರುವ ಕುಶಲಕರ್ಮಿಗಳಿಗೂ ಅದೇ ಅಗತ್ಯ. ಹಾಗಾಗಿ ಕ್ಯಾಮೆರಾ ಇರುವ, ಆದರೆ ಸ್ಟುಡಿಯೋ ಇಲ್ಲದ ಹುಡುಗರು ಹುಡುಗಿಯರು ಈ ಊರಿನಲ್ಲಿ ಸಾಕಷ್ಟಿದ್ದಾರೆ. ಶೆಡ್ಡಿನ ಒಳಗಿನ ಬೆಳಕೆಂದರೆ ಮೇಲೆ ಒಂದು ಟ್ಯೂಬ್‌ಲೈಟ್, ಬಾಗಿಲಿನಿಂದ ಬರುವ ಧೂಳು ತುಂಬಿದ ಬಿಸಿಲು. ಕ್ಯಾಮೆರಾದ ಮೇಲಿನ ಫ್ಲಾಶ್ ಹೊಡೆದರೆ ಉಕ್ಕಿನ ಮೇಲೆ ಒಂದು ಬಿಳಿ ಚುಕ್ಕೆ, ಹಿಂದೆ ಕಪ್ಪು ನೆರಳು, ನಡುವೆ ವಸ್ತುವಿನ ದುಂಡುತನವೇ ಮಾಯ. ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ ನಾಲ್ಕು ಅಡಿ ಪಕ್ಕಕ್ಕೆ ಒಯ್ದರೆ ಅದೇ ಬೋಲ್ಟಿನ ಮರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ.

ಈ ನಾಲ್ಕು ಅಡಿಗೆ ಎಷ್ಟು ಖರ್ಚು ಎಂಬ ಪ್ರಶ್ನೆ ಛಾಯಾಗ್ರಹಣದ ಇತಿಹಾಸದಷ್ಟೇ ಹಳೆಯದು. ಆ ಖರ್ಚನ್ನು ಯಾರು ಭರಿಸಿದರು ಎಂಬುದೂ ಅದರೊಳಗೇ ಸೇರಿದೆ.

ಕೃತಕ ಬೆಳಕಿನಲ್ಲಿ ತೆಗೆದ ಮೊದಲ ಹೆಸರಾಂತ ಚಿತ್ರಗಳಲ್ಲಿ ಬೆಳಕು ಕ್ಯಾಮೆರಾದಿಂದ ದೂರವೇ ಇತ್ತು, ಯಾಕೆಂದರೆ ಅದನ್ನು ಕ್ಯಾಮೆರಾಕ್ಕೆ ಕಟ್ಟುವುದು ಸಾಧ್ಯವೇ ಇರಲಿಲ್ಲ. 1861ರಲ್ಲಿ ಪ್ಯಾರಿಸಿನ ನಾದಾರ್ ನೆಲದಡಿಯ ಅಸ್ಥಿಗುಹೆಗಳಿಗೆ ಆರ್ಕ್ ದೀಪಗಳನ್ನು ಒಯ್ದ. ಬ್ಯಾಟರಿಗಳು ಗಾಡಿಗಟ್ಟಲೆ ಇದ್ದವು, ತಂತಿಗಳು ಮೇಲಿನಿಂದ ಇಳಿದಿದ್ದವು. ಒಂದೊಂದು ಚಿತ್ರಕ್ಕೆ ಹದಿನೆಂಟು ನಿಮಿಷದವರೆಗೆ ಬೆಳಕು ಬೇಕಾಗುತ್ತಿತ್ತು. ಅಷ್ಟು ಹೊತ್ತು ಕೆಲಸಗಾರರು ಅಲುಗಾಡದೆ ನಿಲ್ಲಲಾರರೆಂದು ಆತ ಅವರ ಜಾಗದಲ್ಲಿ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ. ನಾಲ್ಕು ವರ್ಷದ ಬಳಿಕ ಖಗೋಳಜ್ಞ ಚಾರ್ಲ್ಸ್ ಪಿಯಾಝಿ ಸ್ಮಿತ್ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಮೆಗ್ನೀಸಿಯಂ ಸುಟ್ಟು ಚಿತ್ರ ತೆಗೆದ. ಬೆಳಕು ಪ್ರಖರವಾಗಿತ್ತು, ಆದರೆ ಒಮ್ಮೆ ಸುಟ್ಟರೆ ಬಿಳಿ ಹೊಗೆ ತುಂಬಿ ಮುಂದಿನ ಚಿತ್ರಕ್ಕೆ ಕಾಯಬೇಕಾಗುತ್ತಿತ್ತು. ಲೋಹವೂ ಅಗ್ಗದ್ದಲ್ಲ.

ಅಗ್ಗದ ಫ್ಲಾಶಿನ ಚರಿತ್ರೆ ಶುರುವಾಗುವುದು 1887ರಲ್ಲಿ. ಜರ್ಮನಿಯ ಆಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೆಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿದರು. ಕಿಡಿ ತಾಗಿದರೆ ಕ್ಷಣದಲ್ಲಿ ಭುಗಿಲೆನ್ನುವ ಪುಡಿ ಸಿದ್ಧವಾಯಿತು. ಒಂದು ರೀತಿಯಲ್ಲಿ ಪಟಾಕಿ ಮದ್ದು. ನ್ಯೂಯಾರ್ಕಿನಲ್ಲಿ ಪೊಲೀಸ್ ವರದಿಗಾರನಾಗಿದ್ದ, ಡೆನ್ಮಾರ್ಕಿನಿಂದ ವಲಸೆ ಬಂದಿದ್ದ ಜೇಕಬ್ ರೀಸ್ ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ. ಬಡವರ ಬಾಡಿಗೆ ಕೊಠಡಿಗಳ ಕತ್ತಲನ್ನು ಎಷ್ಟು ಬರೆದರೂ ಯಾರೂ ನಂಬುತ್ತಿರಲಿಲ್ಲ, ಅವನಿಗೆ ಚಿತ್ರ ಬೇಕಿತ್ತು. ಮೊದಲು ಪಿಸ್ತೂಲಿನಂಥ ಸಾಧನದಲ್ಲಿ ಪುಡಿ ಹೊಡೆದ. ನಡುರಾತ್ರಿ ಪಿಸ್ತೂಲು ಹಿಡಿದು ಒಳಗೆ ನುಗ್ಗಿದವರನ್ನು ಕಂಡು ಜನ ಕಿಟಕಿ ಹಾರಿ ಓಡಿದರು. ಆಮೇಲೆ ಪಿಸ್ತೂಲು ಬಿಟ್ಟು ಅಡುಗೆಮನೆಯ ಬಾಣಲೆ ಹಿಡಿದ, ಅದರ ಮೇಲೆ ಪುಡಿ ಸುರಿದು ಹೊತ್ತಿಸುತ್ತಿದ್ದ. ಎರಡು ಸಲ ಮನೆಗೆ, ಒಂದು ಸಲ ತನಗೇ ಬೆಂಕಿ ಹತ್ತಿಸಿಕೊಂಡೆನೆಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಬಾಣಲೆಯನ್ನು ಕಡಿಮೆ ಖರ್ಚಿನ ಫ್ಲಾಶ್ ಕಿಟ್ಟುಗಳ ಮೂಲಪುರುಷ ಎನ್ನಬಹುದು. 1890ರಲ್ಲಿ ಬಂದ ರೀಸ್‌ನ ಪುಸ್ತಕ ನ್ಯೂಯಾರ್ಕಿನ ವಸತಿ ಸುಧಾರಣೆಗೆ ಬಲ ಕೊಟ್ಟದ್ದು ನಿಜ. ನಿದ್ದೆಯಲ್ಲಿದ್ದವರ ಮುಖಕ್ಕೆ ಕೇಳದೆ ಬೆಂಕಿ ಹೊತ್ತಿಸಿದ್ದೂ ಅಷ್ಟೇ ನಿಜ. ಕಣ್ಣು ಕೋರೈಸಿ ಎದ್ದು ಕುಳಿತವರ ಗಾಬರಿಯನ್ನೇ ಆ ಚಿತ್ರಗಳಲ್ಲಿ ನಾವು ಇಂದು ಬಡತನದ ಮುಖ ಎಂದು ನೋಡುತ್ತೇವೆ. ಆ ಗಾಬರಿಯಲ್ಲಿ ಎಷ್ಟು ಪಾಲು ಬಡತನದ್ದು, ಎಷ್ಟು ಪಾಲು ಬಾಣಲೆಯದ್ದು ಎಂದು ಬಿಡಿಸಿ ಹೇಳುವುದು ಕಷ್ಟ.

ಅದೇ ಪುಡಿ ಭಾರತದ ಕಾಡಿಗೂ ಬಂತು. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಹುಲಿ ನಡೆಯುವ ಹಾದಿಗೆ ಅಡ್ಡ ತಂತಿ ಕಟ್ಟುತ್ತಿದ್ದ. ಹುಲಿ ತಂತಿ ತುಳಿದರೆ ಪುಡಿ ಹೊತ್ತಿ ಕ್ಯಾಮೆರಾ ಕೆಲಸ ಮಾಡುತ್ತಿತ್ತು. 1927ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ರಾತ್ರಿ ಸಂಚರಿಸುವ ಹುಲಿಗಳು ತಾವೇ ತೆಗೆದುಕೊಂಡ ಭಾವಚಿತ್ರಗಳಂತೆ ನಿಂತಿವೆ. ಕೋವಿಯ ಬದಲು ಕ್ಯಾಮೆರಾ ಹಿಡಿಯಿರಿ ಎಂದು ವಾದಿಸಿದ ಆತನ ಜೋಡಣೆಯಲ್ಲಿ ಟ್ರಿಗರ್ ಒತ್ತುವ ಕೆಲಸ ಹುಲಿಯದು.

1929ರ ಹೊತ್ತಿಗೆ ಜರ್ಮನಿಯಲ್ಲಿ ಗಾಜಿನ ಬುರುಡೆಯೊಳಗೆ ಲೋಹದ ಹಾಳೆ ಸುಡುವ ಫ್ಲಾಶ್ ಬಲ್ಬು ಬಂತು. ಹೊಗೆಯಿಲ್ಲ, ಬೆಂಕಿಯ ಭಯ ಕಡಿಮೆ, ತಂತಿ ಎಳೆದರೆ ಎರಡು ಮೂರು ಬಲ್ಬು ಒಟ್ಟಿಗೆ ಹೊತ್ತಿಸಬಹುದು. ಆದರೆ ಒಂದು ಬಲ್ಬಿಗೆ ಒಂದೇ ಚಿತ್ರ. ಬಿಸಿ ಬುರುಡೆಯನ್ನು ಬಿಚ್ಚಿ ಎಸೆದು ಹೊಸದನ್ನು ತೊಡಿಸಬೇಕು. ದೆಹಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನು ಸೆರೆಹಿಡಿದ ಹೋಮಾಯಿ ವ್ಯಾರಾವಾಲಾ ಅವರ ಪೀಳಿಗೆಯವರೆಲ್ಲ ಕೆಲಸ ಮಾಡಿದ್ದು ಈ ಲೆಕ್ಕದಲ್ಲಿ.

1946ರಲ್ಲಿ ಅಮೆರಿಕದ ಮಾರ್ಗರೆಟ್ ಬೋರ್ಕ್ ವೈಟ್ ಪುಣೆಯಲ್ಲಿ ಗಾಂಧೀಜಿಯ ಚಿತ್ರ ತೆಗೆಯಲು ಹೋದಾಗ ಮೊದಲು ಚರಕ ತಿರುಗಿಸಲು ಕಲಿಯಬೇಕೆಂಬ ಷರತ್ತು ಬಂತು. ಕಲಿತರು. ಆ ದಿನ ಗಾಂಧೀಜಿಯ ಮೌನವಾರ, ಕೋಣೆ ಮಬ್ಬು, ಅವರಿಗೆ ಪ್ರಖರ ಬೆಳಕು ಹಿಡಿಸದು. ಮೂರೇ ಮೂರು ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿತು. ಬೋರ್ಕ್ ವೈಟ್ ಹೇಳಿಕೊಂಡ ಪ್ರಕಾರ ಮೊದಲ ಎರಡು ಪ್ರಯತ್ನ ಕೈಕೊಟ್ಟವು, ಮೂರನೆಯದು ಫಲಿಸಿತು. ರೀಸ್‌ನ ಬಾಡಿಗೆ ಕೊಠಡಿಯಲ್ಲಿ ಮಲಗಿದ್ದವರಿಗೆ ಇಲ್ಲದ ಒಂದು ಸೌಲಭ್ಯ ಗಾಂಧೀಜಿಗಿತ್ತು: ನನ್ನ ಮೇಲೆ ಇಷ್ಟೇ ಬೆಳಕು ಬೀಳಲಿ ಎಂದು ಅವರು ಎಣಿಸಿ ಕೊಡಬಲ್ಲವರಾಗಿದ್ದರು.

ಬಲ್ಬಿನ ಲೆಕ್ಕ ಮುಗಿಸಿದ್ದು ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್. 1931ರಿಂದ ಆತ ಮಾಡಿದ ಪ್ರಯೋಗಗಳ ತಿರುಳು ಸರಳ. ಕೆಪ್ಯಾಸಿಟರಿನಲ್ಲಿ ವಿದ್ಯುತ್ತನ್ನು ನಿಧಾನವಾಗಿ ತುಂಬು, ಅನಿಲ ತುಂಬಿದ ಕೊಳವೆಯ ಮೂಲಕ ಒಮ್ಮೆಲೇ ಸುರಿ. ಕೊಳವೆ ಸುಟ್ಟುಹೋಗುವುದಿಲ್ಲ, ಸಾವಿರಾರು ಸಲ ಮಿನುಗುತ್ತದೆ. ಇಂದು ಕೂಚಾ ಚೌಧರಿಯಲ್ಲಿ ಸಿಗುವ ಫ್ಲಾಶಿನೊಳಗೆ ಇರುವುದೂ ಇದೇ. ಗುಂಡಿ ಒತ್ತಿದ ಮೇಲೆ ಕೇಳುವ ಕೀಚಲು ಸದ್ದು ಕೆಪ್ಯಾಸಿಟರನ್ನು ಮತ್ತೆ ತುಂಬಿಸುವ ಸರ್ಕ್ಯೂಟಿನದು. 1970ರ ದಶಕದಲ್ಲಿ ಬಂದ ವಿವಿಟಾರ್ 283ರಂಥ ಫ್ಲಾಶುಗಳು ಇದನ್ನು ಅಂಗೈಯಗಲಕ್ಕೆ ಇಳಿಸಿದವು.

ಭಾರತಕ್ಕೆ ಅವು ಸುಲಭವಾಗಿ ಬರಲಿಲ್ಲ. ಆಮದು ಪರವಾನಗಿ, ಸುಂಕಗಳ ಕಾಲ ಅದು. ಒಳ್ಳೆಯ ಫ್ಲಾಶ್ ಬರುತ್ತಿದ್ದದ್ದು ಹೊರದೇಶದಿಂದ ಬಂದವರ ಸೂಟ್‌ಕೇಸಿನಲ್ಲಿ. ಉಡುಪಿ, ಮಂಗಳೂರು, ಕಾಸರಗೋಡಿನ ಮನೆಗಳಲ್ಲಿ ಕೊಲ್ಲಿಯಿಂದ ಬಂದ ಮಾವನೋ ಚಿಕ್ಕಪ್ಪನೋ ತಂದ ಯಾಶಿಕಾ ಕ್ಯಾಮೆರಾ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟದ್ದು ಹಲವರಿಗೆ ನೆನಪಿರಬಹುದು. ಅದರ ಪುಟ್ಟ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಮೇಲೇಳುತ್ತಿತ್ತು. ಆ ಕಾಲದ ಆಲ್ಬಮ್ಮುಗಳಲ್ಲಿ ಎಲ್ಲರ ಕಣ್ಣು ಕೆಂಪು, ಮುಖ ಸುಣ್ಣ, ಹಿಂದಿನ ಗೋಡೆಯಲ್ಲಿ ತಲೆಗಂಟಿದ ಕರಿ ನೆರಳು.

ಊರಿನ ಸ್ಟುಡಿಯೋದವರಿಗೆ ಇದರ ಪರಿಹಾರ ಗೊತ್ತಿತ್ತು. ಅದಕ್ಕೆ ಬೇಕಾದ ಸ್ಟ್ಯಾಂಡು ಮಾತ್ರ ಲೋಹದ್ದಾಗಿರಲಿಲ್ಲ. ಮದುವೆಯ ವಿಡಿಯೋ ಬಂದ ಮೇಲೆ, 1980ರ ದಶಕದ ಕೊನೆಯಿಂದ, ಛತ್ರಗಳಲ್ಲಿ ಒಬ್ಬ ಹುಡುಗ ಕಡ್ಡಾಯವಾಗಿ ಕಾಣತೊಡಗಿದ. ಕೈಯಲ್ಲಿ ಸಾವಿರ ವ್ಯಾಟಿನ ಹ್ಯಾಲೊಜನ್, ಹೆಗಲ ಮೇಲೆ ಸುತ್ತಿದ ವಯರು, ಕಣ್ಣು ಕ್ಯಾಮೆರಾದವನ ಬೆರಳಿನ ಮೇಲೆ. ಬಲಕ್ಕೆ ಎಂದರೆ ಬಲಕ್ಕೆ, ಎತ್ತು ಎಂದರೆ ಎತ್ತಬೇಕು. ಧಾರೆ ಎರೆಯುವಾಗ ವಧೂವರರ ಹಣೆಯಲ್ಲಿ ಬೆವರು ಸುರಿಯುತ್ತಿದ್ದದ್ದು ಹೋಮದ ಶಾಖಕ್ಕಿಂತ ಹೆಚ್ಚಾಗಿ ಅವನ ದೀಪದಿಂದ. ದೆಹಲಿ, ಫರೀದಾಬಾದಿನ ಬಾರಾತುಗಳಲ್ಲಿ ತಲೆಯ ಮೇಲೆ ದೀಪದ ಗೊಂಚಲು ಹೊತ್ತು ಸಾಲಾಗಿ ನಡೆಯುವವರು, ಅವರನ್ನೆಲ್ಲ ಒಂದೇ ವಯರಿಗೆ ಬಿಗಿದ ಹಿಂದಿನ ಜನರೇಟರ್ ಗಾಡಿ, ಇವೂ ಅದೇ ಜಾತಿಯ ದೃಶ್ಯ. ಆ ಕಾಲದ ಮದುವೆಗಳ ಸಾವಿರಾರು ಗಂಟೆಗಳ ವಿಡಿಯೋದಲ್ಲಿ ಎಲ್ಲ ನೆಂಟರೂ ಇದ್ದಾರೆ, ಬೆಳಕು ಹಿಡಿದವನು ಇಲ್ಲ. ಅಪರೂಪಕ್ಕೆ ಕನ್ನಡಿಯಲ್ಲೋ ಸ್ಟೀಲಿನ ಕೊಳಗದ ಹೊಟ್ಟೆಯಲ್ಲೋ ಅವನ ಪ್ರತಿಬಿಂಬ ಸಿಗುತ್ತದೆ. ಭಾರತದಲ್ಲಿ ಅತ್ಯಂತ ಅಗ್ಗದ ಲೈಟ್ ಸ್ಟ್ಯಾಂಡ್ ಬಹುಕಾಲ ಮನುಷ್ಯನೇ ಆಗಿದ್ದ, ದಿನಗೂಲಿ ಮತ್ತು ಕೊನೆಯ ಪಂಕ್ತಿಯ ಊಟಕ್ಕೆ ಸಿಗುತ್ತಿದ್ದ.

ಬೆಳಕನ್ನು ದೂರ ಇಟ್ಟರೆ ಸಾಲದು, ಅದನ್ನು ಮೆದುಗೊಳಿಸಬೇಕು. ಈ ವಿಷಯದಲ್ಲಿ ನಮ್ಮ ಸಿನಿಮಾದವರು ಕಡಿಮೆ ಹಣದಲ್ಲಿ ಮಾಡಿದ್ದನ್ನು ಇಂದಿನ ಫ್ಲಾಶ್ ಮಾರಾಟಗಾರರು ಓದಿಕೊಳ್ಳಬೇಕು. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೊ'ದಲ್ಲಿ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದ್ದರು. ತೆರೆದ ಅಂಗಳಕ್ಕೆ ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕು ಬೇಕಿತ್ತು. ಛಾಯಾಗ್ರಾಹಕ ಸುಬ್ರತೊ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ನಟರತ್ತ ತಿರುಗಿಸದೆ ಬಟ್ಟೆಯತ್ತ ತಿರುಗಿಸಿದರು. ಬಟ್ಟೆಯಿಂದ ಪುಟಿದು ಬಂದ ಬೆಳಕು ಅಂಗಳ ತುಂಬಿತು. ಇಂದು ನಾಲ್ಕೈದು ನೂರು ರೂಪಾಯಿಗೆ ಸಿಗುವ ಬಿಳಿ ಕೊಡೆ ಮಾಡುವುದು ಇದೇ ಕೆಲಸ.

ಮೈಸೂರಿನ ವಿ.ಕೆ. ಮೂರ್ತಿ ಇದಕ್ಕೆ ತಿರುಗುಮುರುಗಾದ ಸಮಸ್ಯೆ ಎದುರಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾಟೋಗ್ರಫಿ ಕಲಿತು ಮುಂಬೈಗೆ ಹೋದ ಅವರಿಗೆ, ಗುರುದತ್ತರ 1959ರ 'ಕಾಗಜ್ ಕೇ ಫೂಲ್' ಚಿತ್ರದ ಒಂದು ಹಾಡಿಗೆ ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಇಳಿಯುವ ಒಂದೇ ಒಂದು ಗಟ್ಟಿ ಬೆಳಕಿನ ಕಂಬ ಬೇಕಿತ್ತು. ಸ್ಟುಡಿಯೋದ ದೀಪಗಳಿಂದ ಅಂಥ ನೇರವಾದ ಕಿರಣ ಹುಟ್ಟುವುದಿಲ್ಲ, ಹರಡಿಕೊಳ್ಳುತ್ತದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಹೊರಗಿನ ಕನ್ನಡಿ ಬಿಸಿಲನ್ನು ಹಿಡಿದು ಒಳಕ್ಕೆ ಎಸೆಯಿತು, ಒಳಗಿನದು ಅದನ್ನು ನೆಲಕ್ಕಿಳಿಸಿತು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಅಲ್ಲೂ ಕನ್ನಡಿ ಹಿಡಿಯುವ ಕೈಗಳು ಬೇಕಾದವು ಎಂಬುದನ್ನು ಮರೆಯಬಾರದು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು.

ಕೊಡೆಯೂ ಕನ್ನಡಿಯೂ ಬಡವನ ಕೈಗೆಟುಕುತ್ತವೆ. ಎಟುಕದೆ ಉಳಿದದ್ದು ದೂರದ ಫ್ಲಾಶಿಗೆ ಸರಿಯಾದ ಕ್ಷಣದಲ್ಲಿ ಹೇಳಿ ಕಳಿಸುವ ವ್ಯವಸ್ಥೆ. ಮೊದಲು ವಯರು ಇತ್ತು. ಹಳೆಯ ಕ್ಯಾಮೆರಾಗಳ ಪಿಸಿ ಸಾಕೆಟ್ಟಿಗೂ ಕಂಪ್ಯೂಟರಿಗೂ ಸಂಬಂಧವಿಲ್ಲ, ಪ್ರೊಂಟೊರ್ ಮತ್ತು ಕೊಂಪುರ್ ಎಂಬ ಜರ್ಮನ್ ಶಟರುಗಳ ಮೊದಲಕ್ಷರ ಅದು. ವಯರನ್ನು ಯಾರಾದರೂ ಎಡವುತ್ತಿದ್ದರು, ಇಲ್ಲವೇ ಅದರ ತುದಿ ಸಡಿಲವಾಗಿ ಬೇಕಾದಾಗಲೇ ಫ್ಲಾಶ್ ಹೊಡೆಯುತ್ತಿರಲಿಲ್ಲ. ಆಮೇಲೆ ಒಂದು ಫ್ಲಾಶಿನ ಬೆಳಕು ಕಂಡು ಇನ್ನೊಂದು ಹೊಡೆಯುವ ಸ್ಲೇವ್ ಬಂತು. ಸ್ಟುಡಿಯೋದಲ್ಲಿ ಅದು ಸೊಗಸು. ಮದುವೆಮನೆಯಲ್ಲಿ ಪಕ್ಕದ ನೆಂಟರ ಕ್ಯಾಮೆರಾ ಮಿನುಗಿದರೂ ಹೊಡೆಯುತ್ತದೆ, ಫೋಟೋಗ್ರಾಫರ್ ತಯಾರಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ರೇಡಿಯೋ ಟ್ರಿಗರುಗಳು ಈ ತೊಂದರೆ ಕಳೆದವು, ಆದರೆ ಅಮೆರಿಕದ ಪಾಕೆಟ್‌ವಿಝರ್ಡ್‌ನ ಒಂದು ಜೋಡಿ ಕೊಳ್ಳುವ ಹಣದಲ್ಲಿ ಇಲ್ಲಿ ಒಂದು ಕ್ಯಾಮೆರಾವೇ ಬರುತ್ತಿತ್ತು.

ಪರಿಸ್ಥಿತಿ ಬದಲಾದದ್ದು 2005ರ ಆಸುಪಾಸಿನಿಂದ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಡೆಯಿಂದ. ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗವನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಂದ ಮುಕ್ತ ಮಾಡಿತು. ವೈ-ಫೈಗಾಗಿ ತೆರೆದ ಆ ಬಾಗಿಲಲ್ಲಿ ಫ್ಲಾಶ್ ಟ್ರಿಗರುಗಳೂ ನುಸುಳಿಕೊಂಡವು. 2006ರಿಂದ ಬಾಲ್ಟಿಮೋರಿನ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ ಸಣ್ಣ ಫ್ಲಾಶುಗಳನ್ನು ಕ್ಯಾಮೆರಾದಿಂದ ಬಿಡಿಸಿ ಬಳಸುವ ಪಾಠಗಳನ್ನು ಉಚಿತವಾಗಿ ಬರೆಯತೊಡಗಿದ. ಹಳೆಯ ವಿವಿಟಾರು, ಒಂದು ಕೊಡೆ, ಒಂದು ಸ್ಟ್ಯಾಂಡು ಸಾಕು ಎಂಬ ಅವನ ಮಾತು ಜಗತ್ತಿನ ಮೂಲೆಮೂಲೆಗೆ ಹೋಯಿತು. ಚೀನಾದ ಷೆನ್‌ಜೆನ್‌ನಲ್ಲಿ ಕಾರ್ಖಾನೆಗಳು ಆ ಬೇಡಿಕೆಯನ್ನು ಕೇಳಿಸಿಕೊಂಡವು. ಮೊದಲು ಬಂದ ಅಗ್ಗದ ಟ್ರಿಗರುಗಳನ್ನು ಜನ ತಮಾಷೆಗೆ 'ಪಾವರ್ಟಿ ವಿಝರ್ಡ್' ಎಂದು ಕರೆದರು, ಬಡತನದ ಮಾಂತ್ರಿಕ. ಹತ್ತರಲ್ಲಿ ಒಂದೆರಡು ಸಲ ಹೊಡೆಯದಿದ್ದರೂ ಸಹಿಸಿಕೊಂಡರು. ಬಳಿಕ ಯೊಂಗ್‌ನುವೊ, 1993ರಲ್ಲಿ ಹುಟ್ಟಿದ ಗೊಡಾಕ್ಸ್‌ನಂಥ ಕಂಪನಿಗಳು ರೇಡಿಯೋವನ್ನು ಫ್ಲಾಶಿನ ಹೊಟ್ಟೆಯೊಳಗೇ ಇಟ್ಟು ಮಾರತೊಡಗಿದವು.

ಇದರ ಭಾರತೀಯ ಕೊನೆ ಹಳೆಯ ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿ. ಕ್ಯಾಮೆರಾ, ಸ್ಟ್ಯಾಂಡು, ಬ್ಯಾಗು, ಹಿನ್ನೆಲೆಯ ಪರದೆಗಳ ಗಲ್ಲಿ ಅದು. ಫರೀದಾಬಾದಿಗೆ ಮೆಟ್ರೋ ಬಂದದ್ದು 2015ರ ಸೆಪ್ಟೆಂಬರಿನಲ್ಲಿ. 2017ರ ಮೇ ತಿಂಗಳಲ್ಲಿ ಅದೇ ನೇರಳೆ ಮಾರ್ಗ ಲಾಲ್ ಕಿಲಾ ದಾಟಿ ಕಾಶ್ಮೀರಿ ಗೇಟಿಗೆ ಮುಟ್ಟಿತು. ಎನ್‌ಐಟಿಯ ಹುಡುಗಿ ನೀಲಂ ಚೌಕ್ ಅಜರೌಂದಾದಲ್ಲಿ ಹತ್ತಿದರೆ ಬದಲಿಸದೆ ಲಾಲ್ ಕಿಲಾದಲ್ಲಿ ಇಳಿದು ನಡೆದು ಹೋಗಬಹುದು.

ಅಲ್ಲಿ ಅವಳು ಏನು ಕೊಳ್ಳಬೇಕು? ಅಂಗಡಿಯವರು ಎರಡು ದೀಪದ ಸೆಟ್ಟು, ಮೂರು ಸಾಫ್ಟ್‌ಬಾಕ್ಸು, ಹಸಿರು ಪರದೆ ಎಲ್ಲ ಸೇರಿದ ಪೆಟ್ಟಿಗೆ ತೋರಿಸುತ್ತಾರೆ. ಇತಿಹಾಸ ಹೇಳುವುದು ಬೇರೆ. ರೀಸ್ ಬಳಿ ಇದ್ದದ್ದು ಒಂದು ಬಾಣಲೆ, ಬೋರ್ಕ್ ವೈಟ್‌ಗೆ ಗೆದ್ದುಕೊಟ್ಟದ್ದು ಒಂದು ಬಲ್ಬು, ಮೂರ್ತಿಯವರ ಬೆಳಕಿನ ಕಂಬವೂ ಒಂದೇ. ಮೊದಲ ವರ್ಷಕ್ಕೆ ಒಂದು ಫ್ಲಾಶ್ ಧಾರಾಳ ಸಾಕು. ಕ್ಯಾಮೆರಾ ಕಂಪನಿಯ ಹೆಸರಿನ ಫ್ಲಾಶಿಗೆ ಇಪ್ಪತ್ತು ಮೂವತ್ತು ಸಾವಿರ ಸುರಿಯುವುದು ಬೇಡ. ಒಳಗೆ ರೇಡಿಯೋ ಇರುವ, ಶಕ್ತಿಯನ್ನು ಕೈಯಿಂದ ತಿರುಗಿಸಿ ಇಡುವ ಗೊಡಾಕ್ಸ್ ಟಿಟಿ600ರಂಥದ್ದು ಸುಮಾರು 5,000ದಿಂದ 7,000 ರೂಪಾಯಿಗೆ ಸಿಗುತ್ತದೆ. ತಾನೇ ಅಳೆದು ಬೆಳಕು ಕೊಡುವ ಟಿಟಿಎಲ್ ಸೌಲಭ್ಯ ಇದರಲ್ಲಿಲ್ಲ. ಅಲುಗಾಡದ ಬೋಲ್ಟಿಗೆ ಅದು ಬೇಕಾಗಿಯೂ ಇಲ್ಲ, ಒಂದು ಹೊಡೆದು ನೋಡಿ ಎರಡನೆಯದರಲ್ಲಿ ಸರಿಪಡಿಸಿಕೊಳ್ಳಬಹುದು.

ಕ್ಯಾಮೆರಾದ ಮೇಲೆ ಕೂರುವ ಅದೇ ಜಾತಿಯ ಟ್ರಿಗರಿಗೆ ಇನ್ನೊಂದು 4,000 ಚಿಲ್ಲರೆ. ಅಷ್ಟು ಹಣ ಇಲ್ಲದಿದ್ದರೆ ಕ್ಯಾಮೆರಾದ ಪುಟ್ಟ ಫ್ಲಾಶನ್ನೇ ಅತಿ ಕಡಿಮೆ ಶಕ್ತಿಗೆ ಇಳಿಸಿ, ದೂರದ ಫ್ಲಾಶನ್ನು ಎಸ್1 ಸ್ಲೇವ್ ಸ್ಥಿತಿಯಲ್ಲಿಟ್ಟು ಕೆಲಸ ಶುರುಮಾಡಬಹುದು, ಶೆಡ್ಡಿನೊಳಗೆ ಬೇರೆ ನೆಂಟರ ಕ್ಯಾಮೆರಾಗಳ ಕಾಟವಿಲ್ಲ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಎಂಟು ಮತ್ತು ಒಂದು ಒಳ್ಳೆಯ ಚಾರ್ಜರಿಗೆ ಜಿಪುಣತನ ಬೇಡ, ಗಡಿಯಾರದ ಸೆಲ್ಲು ಹಾಕಿದರೆ ಪ್ರತಿ ಹೊಡೆತದ ನಡುವೆ ಕಾದು ಕಾದು ಸಾಕಾಗುತ್ತದೆ.

ಸ್ಟ್ಯಾಂಡಿನ ವಿಷಯದಲ್ಲಿ ಫರೀದಾಬಾದಿಗೆ ಒಂದು ಅನುಕೂಲವಿದೆ. ಜಗತ್ತಿನ ಎಲ್ಲ ಲೈಟ್ ಸ್ಟ್ಯಾಂಡುಗಳ ತುದಿ ಸಾಮಾನ್ಯವಾಗಿ ಐದೆಂಟಾಂಶ ಇಂಚು, ಅಂದರೆ ಸುಮಾರು 16 ಮಿಲಿಮೀಟರ್ ದಪ್ಪದ ಕಡ್ಡಿ. ಮೇಲಿನ ಮರೆ ಕಾಲಿಂಚು ದಪ್ಪದ್ದಾದರೆ ಇಂಚಿಗೆ 20 ಸುತ್ತಿನದು, ಇಲ್ಲವೇ ಮೂರೆಂಟಾಂಶ ಇಂಚು ದಪ್ಪದ್ದಾದರೆ ಇಂಚಿಗೆ 16 ಸುತ್ತಿನದು. ಈ ಅಳತೆ ಚೀಟಿಯಲ್ಲಿ ಬರೆದು ಲೇತ್ ಇರುವ ಯಾವ ಶೆಡ್ಡಿಗೆ ಕೊಟ್ಟರೂ ಗಟ್ಟಿ ಉಕ್ಕಿನಲ್ಲಿ ಮಾಡಿಕೊಡುತ್ತಾರೆ. ಅಂಗಡಿಯ ಸ್ಟ್ಯಾಂಡು 1,000 ರೂಪಾಯಿಗೆ ಬರುತ್ತದೆ, ಫ್ಲಾಶನ್ನೂ ಕೊಡೆಯನ್ನೂ ಒಟ್ಟಿಗೆ ಹಿಡಿಯುವ ಬ್ರಾಕೆಟ್ಟಿಗೆ ಇನ್ನೊಂದು ಸಾವಿರದೊಳಗೆ. ಸ್ಟ್ಯಾಂಡಿನ ಕಾಲಿಗೆ ಮರಳು ತುಂಬಿದ ಚೀಲ ಅಥವಾ ಎರಡು ಇಟ್ಟಿಗೆ ಕಟ್ಟದೆ ಫ್ಯಾನಿನ ಕೆಳಗೆ ಕೊಡೆ ಬಿಚ್ಚಬಾರದು. ಎಲ್ಲ ಸೇರಿ 15,000ದ ಆಸುಪಾಸು. ಮನೆಯಲ್ಲಿ ಯಾರದೋ ಹಳೆಯ ಫ್ಲಾಶ್ ಇದ್ದರೆ ಅದನ್ನು ಹೊಸ ಡಿಜಿಟಲ್ ಕ್ಯಾಮೆರಾದ ಮೇಲೆ ನೇರವಾಗಿ ಕೂರಿಸುವ ಮುನ್ನ ಮಲ್ಟಿಮೀಟರಿನಿಂದ ಅದರ ಟ್ರಿಗರ್ ವೋಲ್ಟೇಜ್ ಅಳೆಯುವುದು ಒಳ್ಳೆಯದು. ಕೆಲವು ಹಳೆಯ ಫ್ಲಾಶುಗಳಲ್ಲಿ ಅದು ಇನ್ನೂರು ವೋಲ್ಟ್ ದಾಟುತ್ತದೆ, ಕ್ಯಾಮೆರಾದ ಸರ್ಕ್ಯೂಟು ಸುಟ್ಟೀತು.

ಇನ್ನು ಬಳಸುವ ಕ್ರಮ. ಶಟರನ್ನು 1/200 ಸೆಕೆಂಡಿನಲ್ಲಿ, ಅಪರ್ಚರನ್ನು ಎಫ್/8ರಲ್ಲಿ ಇಟ್ಟು ಫ್ಲಾಶಿಲ್ಲದೆ ಒಂದು ಚಿತ್ರ ತೆಗೆದರೆ ಅದು ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಟ್ಯೂಬ್‌ಲೈಟಿನ ಹಸಿರು ಛಾಯೆ ಆಗ ಲೆಕ್ಕದಿಂದ ಹೊರಬಿತ್ತು. ಫ್ಲಾಶಿನ ಬೆಳಕು ಶಟರನ್ನು ಕೇಳುವುದಿಲ್ಲ, ಅಪರ್ಚರು ಮತ್ತು ದೂರವನ್ನು ಮಾತ್ರ ಕೇಳುತ್ತದೆ. ಕೊಡೆಯನ್ನು ಎಂಟು ಅಡಿಯಿಂದ ನಾಲ್ಕು ಅಡಿಗೆ ತಂದರೆ ಬೆಳಕು ಇಮ್ಮಡಿಯಲ್ಲ, ನಾಲ್ಕು ಪಟ್ಟು. ಹತ್ತಿರ ಬಂದಷ್ಟೂ ಮೆದುವೂ ಆಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ದೊಡ್ಡ ಫ್ಲಾಶ್ ಕೊಳ್ಳಲು ಸಾಲ ಮಾಡಿದ್ದಾರೆ. ಎದುರು ಬದಿಗೆ ಥರ್ಮೊಕೋಲ್ ಹಾಳೆ ನಿಲ್ಲಿಸಿದರೆ ಎರಡನೇ ದೀಪದ ಕೆಲಸ ಮುಗಿಯಿತು. ಟಿವಿ ಪೆಟ್ಟಿಗೆಯಲ್ಲಿ ಬಂದದ್ದೇ ಸಾಕು.

ಮೊದಲ ಪರೀಕ್ಷೆಗೆ ಬೋಲ್ಟು ಒಳ್ಳೆಯದಲ್ಲ, ಉಕ್ಕಿನ ಹೊಳಪು ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ಒಂದು ಮುಖ ಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಶೆಡ್ಡಿನಲ್ಲಿ ಬಿಡುವಾಗಿರುವವನು ಸಾಮಾನ್ಯವಾಗಿ ಸಾಮಾನು ಎತ್ತಿಕೊಡುವ ಸಹಾಯಕ ಹುಡುಗ. ಥರ್ಮೊಕೋಲ್ ಹಿಡಿಯಲು ಮೊದಲು ಕರೆಯುವುದೂ ಅವನನ್ನೇ. ಹಾಳೆಯನ್ನು ಅವನ ಕೈಯಿಂದ ತೆಗೆದು ಕುರ್ಚಿಗೆ ಒರಗಿಸಿ, ಎದುರಿನ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ಕೊಡೆಯನ್ನು ಅವನ ಎಡಗಡೆ ಕಣ್ಣಿಗಿಂತ ಒಂದು ಗೇಣು ಮೇಲೆ ಇಟ್ಟು, ಹೊಡೆಯುವ ಮುನ್ನ ಒಂದು ಮಾತು ಹೇಳಬೇಕು, ಬೆಳಕು ಬರುತ್ತದೆ ಎಂದು.